ಒಂದು ಕೈ ಬಟ್ಟೆ, ಹತ್ತು ತಲೆ ದನ, ಒಂದು ಬಾಯಿ ಹಾಡು

ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮೊದಲನೇದಕ್ಕೆ ಉತ್ತರ ಬರೆಯೋಕೆ ಕೂತೆ, ಅದು ಎಳ್ಕೊಂಡು ಎಲ್ಲೆಲ್ಲಿಗೋ ಹೋಯ್ತು. ಹಾಗಾಗಿ ಉಳಿದ ಕಾಗದಗಳಲ್ಲೂ ಅದಕ್ಕೆ ಹೊಂದೋ ಪ್ರಶ್ನೆಗಳನ್ನೇ ಆರಿಸ್ಕೊಂಡಿದೀನಿ. ಬೇರೆ ವಿಷಯ ಕೇಳಿದವರು ದಯವಿಟ್ಟು ಬೇಜಾರು ಮಾಡ್ಕೋಬೇಡಿ, ನಿಮ್ಮ ಕಾಗದಗಳೆಲ್ಲ ಜೋಪಾನವಾಗಿವೆ, ಮುಂದಿನ ಸಲ ತಗೋತೀನಿ.

ಪ್ರಶ್ನೆ: ನಮ್ಮನೆ ಮಹಡಿ ಮೇಲೆ ಇರಾನಿನ ಗಂಡ ಹೆಂಡ್ತಿ ಬಾಡಿಗೆಗೆ ಇದಾರೆ, ಇಬ್ರೂ ಇಲ್ಲೇ ಯೂನಿವರ್ಸಿಟೀಲಿ ಓದ್ತಿದಾರೆ. ಮೊನ್ನೆ ಆ ಹುಡುಗಿ ನನ್ನ ಜೊತೆ ಪೇಟೆಗೆ ಬಂದಿದ್ಲು, ಟೀ ಕಪ್ಪು ಸಾಸರ್ ಸೆಟ್ ನೋಡಿ ಗಂಡನಿಗೆ ಫೋನಲ್ಲಿ "ಯೆಕ್ ದಸ್ತ್ ಫೆಂಜಾನ್" ಅಂತ ಏನೋ ಹೇಳಿದ್ಲು. ಯೆಕ್ ಅಂದ್ರೆ ಒಂದು, ದಸ್ತ್ ಅಂದ್ರೆ ಕೈ ಅಂತ ಅವಳೇ ಹಿಂದೆ ಹೇಳ್ಕೊಟ್ಟಿದ್ಲು. ಕಪ್ಪಿಗೂ ಕೈಗೂ ಏನು ಸಂಬಂಧ ಅಂತ ಕೇಳಿದ್ರೆ "ನಮ್ಮಲ್ಲಿ ಹಾಗೇ ಹೇಳೋದು ಆಂಟಿ" ಅಂದು ಸುಮ್ಮನಾದ್ಲು. ನೀವಾದ್ರೂ ಹೇಳ್ತೀರಾ? (ಗೃಹಿಣಿ, ಮೈಸೂರು)

ಉತ್ತರ: ಮೇಡಂ, ಆ ಹುಡುಗಿ ಹೇಳಿದ್ದು ಸರಿಯಾಗೇ ಇದೆ. ನಮ್ಮ ಮಾತಿನ ಬಗ್ಗೆ ನಮ್ಮನ್ನೇ ಯಾರಾದ್ರೂ ಕೇಳಿದ್ರೂ ನಾವೂ ಅಷ್ಟೇ ಹೇಳೋದು. ಹೂ ಮಾರೋ ಅಮ್ಮನ ಹತ್ರ ಹೋಗಿ "ಎರಡು ಮೊಳ ಮಲ್ಲಿಗೆ ಕೊಡಮ್ಮ" ಅಂತೀವಲ್ಲ, ಮೊಳ ಅಂದ್ರೆ ಮೊಣಕೈಯಿಂದ ಬೆರಳ ತುದಿವರೆಗೆ, ಅದನ್ನ ಯೋಚನೆ ಮಾಡ್ಕೊಂಡು ಯಾರೂ ಹೂ ಕೊಳ್ಳಲ್ಲ. ಇರಾನಿನವರ ಭಾಷೆ ಫಾರ್ಸಿ, ಅದರಲ್ಲಿ ಹಾಗೇ ಕೈ ಅನ್ನೋ ಪದ ಸೆಟ್ ಅನ್ನೋ ಅರ್ಥಕ್ಕೆ ಕೂತುಬಿಟ್ಟಿದೆ. ಒಂದು ಜೊತೆ ಕೋಟು ಪ್ಯಾಂಟು ಹೊಲಿಸಿದ್ರೆ ಅದು ಯೆಕ್ ದಸ್ತ್, ಅಂದ್ರೆ ಒಂದು ಕೈ ಬಟ್ಟೆ. ಹಾಸಿಗೆ ದಿಂಬು ಹೊದಿಕೆ ಎಲ್ಲಾ ಸೇರಿ ಒಂದು ಕೈ ಹಾಸಿಗೆ. ಸೋಫಾ ಸೆಟ್ ಒಂದು ಕೈ, ಪಾತ್ರೆ ಸೆಟ್ ಒಂದು ಕೈ, ಇಸ್ಪೀಟ್ ಕಟ್ಟು ಒಂದು ಕೈ, ಚೆಸ್ ಆಡೋಕೆ ಕರೆದ್ರೂ "ಒಂದು ದಸ್ತ್ ಆಡೋಣ ಬಾ" ಅಂತಾರೆ (ನಮ್ಮ ಹುಡುಗ್ರು ಇಸ್ಪೀಟಿಗೆ ಕೂತು "ಇನ್ನೊಂದು ಕೈ ಹಾಕು" ಅನ್ನಲ್ವಾ, ಅದೇ). ಹೋಟೆಲಲ್ಲಿ ಅನ್ನದ ಜೊತೆ ಕಬಾಬ್ ಇರೋ ಚೆಲೋಕಬಾಬ್ ಅನ್ನೋ ಊಟಕ್ಕೂ "ಒಂದು ದಸ್ತ್" ಅಂತ ಆರ್ಡರ್ ಮಾಡ್ತಾರೆ. ನನಗೆ ತುಂಬ ಇಷ್ಟ ಆಗಿದ್ದು ಇದು: ಬೆಳಗಿನ ಜಾವ ಇರಾನಿನಲ್ಲಿ ಕುರಿಯ ತಲೆಕಾಲು ಬೇಯಿಸಿ ಬಡಿಸೋ ಅಂಗಡಿಗಳಿರ್ತವೆ, ಆ ಅಡುಗೆ ಹೆಸರು ಕಲ್ಲೆಪಾಚೆ, ಕಲ್ಲೆ ಅಂದ್ರೆ ತಲೆ, ಪಾಚೆ ಅಂದ್ರೆ ಪುಟ್ಟ ಕಾಲು. ಒಂದು ತಲೆ ನಾಲ್ಕು ಕಾಲು ಸೇರಿದ ಪೂರ್ತಿ ಸೆಟ್ಟಿಗೆ ಅವರು ಹೇಳೋದು ಯೆಕ್ ದಸ್ತ್ ಕಲ್ಲೆಪಾಚೆ. ಅಂದ್ರೆ ಒಂದು ಕೈ ತಲೆಕಾಲು! ಮೂರು ಅಂಗ ಒಂದೇ ಮಾತಲ್ಲಿ ಬಂದುಬಿಡ್ತವೆ, ಹೇಳೋರಿಗೆ ಅದರ ಪರಿವೆಯೇ ಇಲ್ಲ.

ಕೈ ಯಾಕೆ ಸೆಟ್ ಆಯ್ತು ಅಂದ್ರೆ, ನಾನು ಅರ್ಥ ಮಾಡ್ಕೊಂಡಿರೋದು ಹೀಗೆ. ಐದು ಬೆರಳು ಐದು ಥರ ಇದ್ರೂ ಕೆಲಸ ಮಾಡೋವಾಗ ಎಲ್ಲ ಸೇರಿ ಒಂದೇ, ಒಂದು ಇಲ್ಲದಿದ್ರೆ ಕೈ ಪೂರ್ತಿ ಅನ್ಸಲ್ಲ. ಕಪ್ಪು ಸಾಸರ್ ಸೆಟ್ಟಿನಲ್ಲಿ ಒಂದು ಒಡೆದುಹೋದ್ರೂ ಮನೇಲಿ ಹೆಂಗಸರು ಎಷ್ಟು ಸಂಕಟ ಪಡ್ತಾರೆ ನೋಡಿ, ಉಳಿದ ಐದು ಚೆನ್ನಾಗಿದ್ರೂ ಸೆಟ್ ಹೋಯ್ತು ಅಂತಾರೆ. ಆ ಭಾವನೆ ದಸ್ತ್ ಅನ್ನೋ ಪದದಲ್ಲಿದೆ ಅಂತ ನನಗನ್ಸುತ್ತೆ.

ಇನ್ನೊಂದು ವಿಷಯ ಗಮನಿಸಿ. "ಎರಡು ಮೊಳ ಮಲ್ಲಿಗೆ" ಅನ್ನೋವಾಗ ನಾವು ಸಂಖ್ಯೆ, ಆಮೇಲೆ ಅಳತೆ, ಆಮೇಲೆ ವಸ್ತು ಅಂತ ಸುಮ್ನೆ ಒಂದರ ಪಕ್ಕ ಒಂದು ಇಟ್ಟುಬಿಡ್ತೀವಿ, ನಡುವೆ ಯಾವ ಪ್ರತ್ಯಯಾನೂ ಇಲ್ಲ. ಫಾರ್ಸೀಲೂ ಥೇಟ್ ಹಾಗೇ, ದೊ ದಸ್ತ್ ಲೆಬಾಸ್, ಎರಡು ಕೈ ಬಟ್ಟೆ, ಅಷ್ಟೇ. ಸಂಖ್ಯೆ ಬಂದ್ಮೇಲೆ ವಸ್ತು ಏಕವಚನದಲ್ಲೇ ಉಳಿಯುತ್ತೆ, ನಾವು "ಎರಡು ಪುಸ್ತಕ", "ಹತ್ತು ರೂಪಾಯಿ" ಅನ್ನೋ ಹಾಗೆ ಅವರೂ ದೊ ಕೆತಾಬ್ ಅಂತಾರೆ, ಪುಸ್ತಕಗಳು ಅಂತ ಎಳೆಯಲ್ಲ. ಆದ್ದರಿಂದ ಆ ಹುಡುಗಿ ಹತ್ರ ನೀವು ಫಾರ್ಸಿ ಕಲಿಯೋಕೆ ಶುರು ಮಾಡಿದ್ರೆ ಈ ಭಾಗ ನಿಮಗೆ ನೀರು ಕುಡಿದಷ್ಟು ಸುಲಭ.

ಕೈ ಆಯ್ತು, ಈಗ ತಲೆ. ಫಾರ್ಸೀಲಿ ತಲೆಗೆ ಸರ್ ಅಂತಾರೆ, ಸಂಸ್ಕೃತದ ಶಿರಸ್ಸಿಗೆ ಒಡಹುಟ್ಟಿದ ಪದ. (ದಸ್ತ್ ಕೂಡ ಹಸ್ತದ ಒಡಹುಟ್ಟು, ತುಂಬ ಹಳೇ ಕಾಲದಲ್ಲಿ ಈ ಎರಡೂ ಭಾಷೆ ಒಂದೇ ಮನೇಲಿದ್ವು.) ಜನಗಣತಿಗೆ ಇರಾನಿನಲ್ಲಿ ಸರ್‌ಶೊಮಾರೀ ಅನ್ನೋದು, ಅಂದ್ರೆ ತಲೆ ಎಣಿಸೋದು. ದೇಶ ಪೂರ್ತಿಯ ಮೊದಲ ಗಣತಿ ಅಲ್ಲಿ ಆಗಿದ್ದು 1956ರಲ್ಲಿ. ತಲಾ ಆದಾಯ ಅಂತ ನಾವು ಪೇಪರಲ್ಲಿ ಓದ್ತೀವಲ್ಲ, ತಲೆಯಿಂದ ಬಂದ ತಲಾ, ಅವರೂ ಸರ್ ಅನ್ನೋದ್ರಿಂದ ಸರಾನೆ ಅಂತ ಮಾಡ್ಕೊಂಡು ದರಾಮದೆ ಸರಾನೆ ಅಂತಾರೆ, ಪದಕ್ಕೆ ಪದ ತಲಾ ಆದಾಯಾನೇ. ಮನೆ ನಡೆಸೋ ಗಂಡಸು "ನನ್ನ ಮೇಲೆ ಇಷ್ಟು ಜನ ಅವಲಂಬಿಸಿದಾರೆ" ಅಂತ ಹೇಳ್ಬೇಕಾದ್ರೆ ಐದು ಸರ್, ಆರು ಸರ್ ಅಂತ ಲೆಕ್ಕ ಕೊಡ್ತಾನೆ. ಇಲ್ಲಿ ತಲೆ ಅಂದ್ರೆ ಅನ್ನ ಹಾಕಬೇಕಾದ ಜೀವ. ನಮ್ಮಲ್ಲಿ ಅದೇ ಮಾತಿಗೆ "ಎಷ್ಟು ಬಾಯಿಗೆ ಅನ್ನ ಹಾಕ್ಬೇಕು" ಅಂತೀವಿ, ನಾವು ಬಾಯಿ ಎಣಿಸ್ತೀವಿ ಅವರು ತಲೆ ಎಣಿಸ್ತಾರೆ.

ಹಾಗಾದ್ರೆ ಅವರಲ್ಲಿ ಬಾಯಿ ಎಣಿಸೋದು ಏನನ್ನ? ಹಾಡನ್ನ! ಸ್ನೇಹಿತರೆಲ್ಲ ಊಟ ಆಗಿ ಕೂತಿರೋವಾಗ ಚೆನ್ನಾಗಿ ಹಾಡೋರು ಒಬ್ರಿದ್ರೆ "ಒಂದು ದಹನ್ ಹಾಡಿ" ಅಂತ ಕೇಳ್ತಾರೆ, ದಹನ್ ಅಂದ್ರೆ ಬಾಯಿ, ಯೆಕ್ ದಹನ್ ಆವಾಝ್, ಒಂದು ಬಾಯಿ ಹಾಡು. ಪಲ್ಲವಿ ಚರಣ ಅಂತ ಲೆಕ್ಕ ಇಲ್ಲ, ಬಾಯಿ ತೆರೆದು ಮುಚ್ಚೋವರೆಗೆ ಎಷ್ಟು ಬಂತೋ ಅಷ್ಟು. ಇದನ್ನ ಮೊದಲು ಕೇಳಿದ ದಿನ ನಾನು ತುಂಬ ಹೊತ್ತು ಅದನ್ನೇ ಮನಸ್ಸಲ್ಲಿ ಹೇಳ್ಕೊಂಡಿದ್ದೆ. ಹೆರಿಗೆ ಲೆಕ್ಕಕ್ಕೆ ಹೊಟ್ಟೆ, ಶೆಕಮ್. ಮೂರು ಹೆತ್ತವಳು ಅನ್ನೋದಕ್ಕೆ ಆಡುಮಾತಲ್ಲಿ ಮೂರು ಹೊಟ್ಟೆ ಹೆತ್ತಿದಾಳೆ ಅಂತಾರೆ, ಅವಳಿಜವಳಿ ಆದ್ರೂ ಹೊಟ್ಟೆ ಒಂದೇ ತಾನೆ, ಹಾಗಾಗಿ ಮಕ್ಕಳ ಲೆಕ್ಕಕ್ಕಿಂತ ತಾಯಿ ಪಟ್ಟ ಕಷ್ಟದ ಲೆಕ್ಕ ಅದರಲ್ಲಿ ಸರಿಯಾಗಿ ಸಿಗುತ್ತೆ. ಹೊಟ್ಟೆ ತುಂಬ ಉಂಡ್ರೂ ಒಂದು ಶೆಕಮ್ ಉಂಡೆ ಅಂತಾರೆ.

ಇನ್ನು ಅಳತೆಗೆ ಬಂದ್ರೆ ಅವರೂ ನಾವೂ ಒಂದೇ ಅಡುಗೆಮನೇಲಿ ಬೆಳೆದವರ ಹಾಗಿದೀವಿ. ಹಿಡಿ ಅಕ್ಕಿ ಅಂದ್ರೆ ಯೆಕ್ ಮೊಶ್ತ್ ಬೆರೆಂಜ್, ಮೊಶ್ತ್ ಅಂದ್ರೆ ನಮ್ಮ ಮುಷ್ಟೀನೇ. ತೆಕ್ಕೆ ತುಂಬ ಸೌದೆ ಅಂದ್ರೆ ಯೆಕ್ ಬಗಲ್ ಹೀಝೊಮ್, ಆ ಬಗಲ್ ನಮ್ಮ ಕನ್ನಡಕ್ಕೂ ಬಂದಿದೆ, ಬಗಲಲ್ಲಿ ಚೀಲ ಹಾಕ್ಕೊಂಡು ಅಂತೀವಲ್ಲ. ಗೇಣಿಗೆ ವಜಬ್. ಅಂಗೈಯಗಲ ರೊಟ್ಟಿಗೆ ಯೆಕ್ ಕಫೆ ದಸ್ತ್ ನಾನ್, ಒಂದು ಅಂಗೈ ರೊಟ್ಟಿ. ಆಳುದ್ದ ಗುಂಡಿ ಅಂತ ನಾವಂದ್ರೆ ಅವರೂ ಒಂದಾಳು ಎರಡಾಳು ಎತ್ತರ ಅಂತಾನೇ ಆಳ ಹೇಳೋದು. ಬೆರಳೆಣಿಕೆಯಷ್ಟು ಜನ ಬಂದಿದ್ರು ಅನ್ನೋದಕ್ಕೆ ಅವರ ಪದ ಅಂಗೊಶ್ತ್‌ಶೊಮಾರ್, ಬೆರಳು ಮತ್ತು ಎಣಿಕೆ, ಬೇರೆ ಏನೂ ಇಲ್ಲ ಅದರಲ್ಲಿ. ಒಂದು ಗಾದೇನೂ ಇದೆ: ನೀರು ತಲೆ ದಾಟಿದ ಮೇಲೆ ಒಂದು ವಜಬ್ ಆದ್ರೇನು ನೂರು ವಜಬ್ ಆದ್ರೇನು. ನಮ್ಮ "ಮುಳುಗಿದವನಿಗೆ ಚಳಿಯೇನು ಮಳೆಯೇನು" ಗಾದೆಯ ನೆಂಟ.

ಮೇಡಂ, ನೀವು ಒಂದು ಕೆಲಸ ಮಾಡಿ. ಅವಳು ಅನ್ನ ಮಾಡೋವಾಗ ಒಂದ್ಸಲ ಮಹಡಿಗೆ ಹೋಗಿ ಪಕ್ಕದಲ್ಲಿ ನಿಂತ್ಕೊಳಿ. ಅಕ್ಕಿ ತೊಳೆದು ಪಾತ್ರೆಗೆ ಹಾಕಿ ಮಟ್ಟ ಮಾಡಿ ನೀರು ಹೊಯ್ದು, ತೋರುಬೆರಳ ತುದೀನ ಅಕ್ಕಿ ಮೇಲೆ ಹಾಗೇ ತಾಗಿಸಿ ನಿಲ್ಲಿಸಿ ನೀರು ಎಲ್ಲಿಗೆ ಬಂತು ಅಂತ ನೋಡ್ತಾಳೆ. ಮೊದಲ ಗೆಣ್ಣಿನ ಗೆರೆವರೆಗೆ ಬಂದ್ರೆ ಸಾಕು. ಅದಕ್ಕೆ ಅವರು ಯೆಕ್ ಬಂದೆ ಅಂಗೊಶ್ತ್ ಅಂತಾರೆ, ಬೆರಳಿನ ಒಂದು ಗೆಣ್ಣು. ಬಸಿಯದೆ ಮಾಡೋ ಕತೆ ಅನ್ನೋ ಮನೆ ಅನ್ನಕ್ಕೆ ಇದೇ ಅಳತೆ. ನನ್ನ ಅಜ್ಜಿ ಕಂಚಿನ ತಪ್ಪಲೇಲಿ ಬೆರಳದ್ದಿ ಥೇಟ್ ಹೀಗೇ ನೋಡ್ತಿದ್ರು, ಗೆಣ್ಣಿನ ಗೆರೆ ಮೇಲೆ ನೀರಿನ ಉಂಗುರ ಮೂಡಿರೋದು, ಅದಕ್ಕೆ ಒಂದು ಅಕ್ಕಿಕಾಳು ಅಂಟಿರೋದು, ಅದನ್ನ ಅವರು ಕೊಡವಿ ಪಾತ್ರೆಗೇ ಹಾಕ್ತಿದ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಳತೆ ಲೋಟ ಎಲ್ಲಿಟ್ಟೆ ಅಂತ ಹುಡುಕೋ ಗೋಳೇ ಇರ್ಲಿಲ್ಲ ಅವರಿಗೆ.

ಆದ್ರೆ ಒಂದು ವ್ಯತ್ಯಾಸ ಇದೆ, ಅದನ್ನೇ ನಾನು ನಿಮಗೆ ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿದ್ದು. ಕನ್ನಡದಲ್ಲಿ ಮೈ ಬಳಸೋದು ಹೆಚ್ಚಾಗಿ ಅಳೆಯೋಕೆ. ಗೇಣು, ಮೊಳ, ಮಾರು, ಹಿಡಿ, ಬೊಗಸೆ, ಚಿಟಿಕೆ, ಇವೆಲ್ಲ ಹೂವಿನ ಸರದ ಥರ ಉದ್ದಕ್ಕಿರೋದಕ್ಕೆ, ಅಕ್ಕಿ ಉಪ್ಪಿನ ಥರ ರಾಶಿ ಬೀಳೋದಕ್ಕೆ. ಬಿಡಿಬಿಡಿಯಾಗಿರೋ ವಸ್ತು ಎಣಿಸೋಕೆ ನಾವು ಸುಮ್ನೆ ಸಂಖ್ಯೆ ಹೇಳ್ತೀವಿ, ಎರಡು ಕುರ್ಚಿ ಮೂರು ಹಸು ಅಂತ. ಮನುಷ್ಯರಿಗೆ ಮಾತ್ರ ಇಬ್ಬರು ಮೂವರು ಅಂತ ಬೇರೆ ಪದ, ಇಲ್ಲಾಂದ್ರೆ "ಜನ" ಸೇರಿಸಿ ಹತ್ತು ಜನ. ಫಾರ್ಸಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬಿಡಿ ವಸ್ತು ಎಣಿಸೋಕೂ ಮೈಯನ್ನೇ ಕರೆಯುತ್ತೆ, ಮೈ ಸಿಗದ ಕಡೆ ಮೈಗೆ ಹತ್ರದ್ದು ಏನಾದ್ರೂ. ಪುಸ್ತಕಕ್ಕೆ ಜೆಲ್ದ್ ಅಂತಾರೆ, ಅದು ಅರಬ್ಬಿ ಪದ, ಮೂಲ ಅರ್ಥ ಚರ್ಮ, ಪುಸ್ತಕಕ್ಕೆ ಚರ್ಮದ ರಟ್ಟು ಹಾಕ್ತಿದ್ದ ಕಾಲದ್ದು. ಕಾರಿಗೆ ಮಿಷಿನ್ನಿಗೆ ಫ್ಲಾಟಿಗೆ ದಸ್ತ್‌ಗಾಹ್ ಅನ್ನೋ ಪದ, ಅದರೊಳಗೂ ಕೈ ಕೂತಿದೆ ನೋಡಿ.

ದಿನದ ಮಾತಲ್ಲಿ ಇಷ್ಟೆಲ್ಲ ಯಾರೂ ಬಳಸಲ್ಲ ಅನ್ನೋದೂ ನಿಜ. ಅಂಗಡೀಲಿ ಎರಡಕ್ಕೆ ದೊ ತಾ, ಮೂರಕ್ಕೆ ಸೆ ತಾ ಅಂತ ಎಲ್ಲದಕ್ಕೂ ತಾ ಹಚ್ಚಿದ್ರೆ ಕೆಲಸ ನಡೆಯುತ್ತೆ, ಒಂದಕ್ಕೆ ಮಾತ್ರ ದಾನೆ, ಅಂದ್ರೆ ಕಾಳು. ಜೆಲ್ದ್, ದಸ್ತ್‌ಗಾಹ್ ಥರದ್ದೆಲ್ಲ ಪೇಪರು, ಕಾಗದಪತ್ರ, ಸ್ಕೂಲ್ ಕ್ವಿಝ್ ಕಡೆ ಸರಿದಿವೆ. ಆದ್ರೆ ದಸ್ತ್ ಹಾಗೇ ಗಟ್ಟಿಯಾಗಿ ಉಳ್ಕೊಂಡಿದೆ, ಮೈಸೂರು ಪೇಟೇಲಿ ಆ ಹುಡುಗಿ ಬಾಯಲ್ಲಿ ತಾನೇ ಬಂತಲ್ಲ.

ಪ್ರಶ್ನೆ: ನಾನು ಹಸು ಸಾಕಿದೀನಿ, ಡೇರಿಗೆ ಹಾಲು ಹಾಕ್ತೀನಿ. ಡೇರಿಯವ್ರು ವಿಮೆಯವ್ರು ಎಲ್ಲಾರೂ "ರಾಸು" ಅಂತಾರೆ, ಎಷ್ಟು ರಾಸು ಕಟ್ಟಿದೀಯ, ರಾಸಿಗೆ ಓಲೆ ಹಾಕಿಸಿದ್ಯಾ ಅಂತ. ನಮ್ಮ ತಾತನೂ ಅಂತಿದ್ರು. ಇದು ಕನ್ನಡ ಪದಾನಾ ಸಾರ್? (ರೈತ, ದೊಡ್ಡಬಳ್ಳಾಪುರ ತಾಲ್ಲೂಕು)

ಉತ್ತರ: ಅಣ್ಣ, ನಿಮ್ಮ ಪ್ರಶ್ನೆ ಓದಿ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಮೈಸೂರಿನ ಮೇಡಂ ಪ್ರಶ್ನೆ ಪಕ್ಕಾನೇ ಇದನ್ನ ಹಾಕ್ಬೇಕು ಅಂತ ಎತ್ತಿಟ್ಕೊಂಡೆ. ರಾಸು ಅಂದ್ರೆ ತಲೆ. ಅರಬ್ಬಿಯಲ್ಲಿ ತಲೆಗೆ ರಅಸ್ ಅನ್ನೋದು, ಅದನ್ನ ಫಾರ್ಸಿಯವರು ತಗೊಂಡು ದನ ಕುರಿ ಕುದುರೆ ಎಣಿಸೋ ಪದ ಮಾಡ್ಕೊಂಡ್ರು. ಇವತ್ತಿಗೂ ಇರಾನಿನ ಪೇಪರಲ್ಲಿ ಹತ್ತು ಹಸು ಅನ್ನೋದನ್ನ ದಹ್ ರಅಸ್ ಗಾವ್ ಅಂತಾನೇ ಬರೆಯೋದು, ಹತ್ತು ತಲೆ ಹಸು. ತಜಿಕಿಸ್ತಾನದಲ್ಲಿ ಅದೇ ಭಾಷೆ ಆಡೋರು ಅರಬ್ಬಿ ಬಿಟ್ಟು ತಮ್ಮದೇ ಸರ್ ಹಾಕ್ತಾರೆ, ನೂರು ಸರ್ ಕುರಿ ಅಂತ.

ನಮ್ಮ ಕಡೆ ಫಾರ್ಸಿ ದಫ್ತರದ ಭಾಷೆ ಆಗಿತ್ತಲ್ಲ, 1347ರಲ್ಲಿ ಕಲಬುರಗೀಲಿ ಬಹಮನಿಗಳು ಶುರು ಆದಾಗಿಂದ ಬೀದರು, ವಿಜಯಪುರ, ಆಮೇಲೆ ಶ್ರೀರಂಗಪಟ್ಟಣದ ಹೈದರ್ ಟಿಪ್ಪು ಕಾಲದವರೆಗೆ, ಲೆಕ್ಕ ಬರೆಯೋರ ಜೊತೆ ಅವರ ಪದಗಳೂ ಹಳ್ಳಿಗೆ ಬಂದ್ವು. ಲೆಕ್ಕದಲ್ಲಿ "ಇಷ್ಟು ರಾಸು ಎತ್ತು, ಇಷ್ಟು ರಾಸು ಹಸು" ಅಂತ ಬರೀತಾ ಓದ್ತಾ ಕೊನೆಗೆ ಹಿಂದಿನ ಹಸು ಎತ್ತು ಬಿದ್ದುಹೋಗಿ ಎಣಿಸೋ ಪದವೇ ಪ್ರಾಣಿಯ ಹೆಸರಾಗಿ ನಿಂತುಬಿಡ್ತು. ಇರಾನಿನಲ್ಲಿ ಬರೀ ರಅಸ್ ಅಂದ್ರೆ ಯಾರಿಗೂ ದನ ನೆನಪಾಗಲ್ಲ. ನಮ್ಮ ಹಟ್ಟೀಲಿ ಅದು ಮೇವು ತಿನ್ನುತ್ತೆ, ಹಾಲು ಕೊಡುತ್ತೆ, ಕರು ಹಾಕುತ್ತೆ. ಕನ್ನಡ ಪದಾನಾ ಅಂತ ಕೇಳಿದ್ರಿ, ಈಗ ಖಂಡಿತ ಕನ್ನಡ ಪದಾನೇ ಅಣ್ಣ, ತಾತನ ಬಾಯಲ್ಲಿ ಇತ್ತು ಅಂದ್ಮೇಲೆ ಬೇರೆ ಯಾವ ಸರ್ಟಿಫಿಕೇಟ್ ಬೇಕು.

ನಿಮ್ಮ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಚಿಕ್ಕಂದಿನಲ್ಲಿ ನಾನು ದೊಡ್ಡಪ್ಪನ ಜೊತೆ ಹೋಗಿದ್ದೆ. ಹಳ್ಳಿಕಾರ್ ಜೋಡಿಗಳು, ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಚಳೀಲಿ ಬಾಯಿಂದ ಹೊಗೆ ಬರೋದು. ದೊಡ್ಡಪ್ಪ ಒಬ್ಬ ದಲ್ಲಾಳಿ ಜೊತೆ ನಿಂತು ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈ ಮೇಲೂ ಹಾಕಿದ್ರು. ಟವೆಲ್ ಒಳಗೆ ಅವನು ಇವರ ಬೆರಳು ಹಿಡಿಯೋದು, ಇವರು ತಲೆ ಅಲ್ಲಾಡಿಸೋದು, ಮತ್ತೆ ಹಿಡಿಯೋದು. ಇಬ್ಬರ ಬಾಯಲ್ಲೂ ಒಂದು ಮಾತಿಲ್ಲ, ಟವೆಲ್ ಮಾತ್ರ ಅಲ್ಲಾಡ್ತಿತ್ತು, ಸುತ್ತ ನಿಂತೋರಿಗೆ ರೇಟು ಗೊತ್ತಾಗಬಾರದು ಅಂತ. ಎಷ್ಟು ಬೆರಳು ಹಿಡಿದ ಅನ್ನೋದ್ರ ಮೇಲೆ ಸಾವಿರದ ಲೆಕ್ಕ, ನೂರರ ಲೆಕ್ಕ. ತಲೆ ಅನ್ನೋ ಹೆಸರಿನ ಪ್ರಾಣಿಗೆ ಬೆರಳಲ್ಲಿ ಬೆಲೆ ಕಟ್ಟೋದನ್ನ ನಾನು ಅವತ್ತು ಕಣ್ಣಾರೆ ನೋಡಿದ್ದೆ, ಆ ಪದದ ಅರ್ಥ ಗೊತ್ತಾಗೋಕೆ ಮೂವತ್ತು ವರ್ಷ ಹಿಡೀತು.

ನೀವು ದನದವರು ಆದ್ದರಿಂದ ಇದನ್ನೂ ಹೇಳ್ಬಿಡ್ತೀನಿ. ಫಾರ್ಸೀಲಿ ನಾಯಿ ಹುಲಿ ಸಿಂಹಕ್ಕೆ ತಲೆ ಲೆಕ್ಕ ಇಲ್ಲ, ಅವಕ್ಕೆ ಕಲಾದೆ, ಅಂದ್ರೆ ಕತ್ತಿನ ಪಟ್ಟಿ. ಆನೆಗೆ ಝಂಜೀರ್, ಸರಪಳಿ. ಒಂಟೆಗೆ ಮಾತ್ರ ಮನುಷ್ಯರಿಗೆ ಬಳಸೋ ನಫರ್ ಅನ್ನೋ ಪದವೇ, ಹತ್ತು ನಫರ್ ಜನ, ಹತ್ತು ನಫರ್ ಒಂಟೆ. ಮರುಭೂಮೀಲಿ ಮನುಷ್ಯನ ಪಕ್ಕದಲ್ಲೇ ನಡೆಯೋ ಜೀವಕ್ಕೆ ಆ ಮರ್ಯಾದೆ ಸಲ್ಲಬೇಕಾದ್ದೇ.

ಪ್ರಶ್ನೆ: ನಮ್ಮ ಕಡೆ ಮೊಹರಮ್ಮಿಗೆ ಪಂಜಾ ಕೂಡಸ್ತಾರ್ರೀ, ಬೆಳ್ಳಿ ಹಿತ್ತಾಳಿ ಕೈ. ಹಿಂದೂ ಮುಸ್ಲಿಂ ಎಲ್ಲಾರೂ ಕೂಡೇ ಮಾಡತೀವಿ. ಪಂಜಾ ಅಂದ್ರ ಐದು ಅನ್ನೂದೋ ಕೈ ಅನ್ನೂದೋ? (ಶಿಕ್ಷಕರು, ವಿಜಯಪುರ ಜಿಲ್ಲೆ)

ಉತ್ತರ: ಎರಡೂ ಹೌದು ಸರ್. ಫಾರ್ಸೀಲಿ ಪಂಜ್ ಅಂದ್ರೆ ಐದು, ನಮ್ಮ ಪಂಚದ ಒಡಹುಟ್ಟು. ಅದರಿಂದ ಪಂಜೆ ಅಂತ ಆಗಿ, ಐದು ಬೆರಳಿರೋ ಅಂಗೈ, ಹುಲಿಯ ಪಂಜ, ಇವೆಲ್ಲ ಆದ್ವು. ಮೇಲಿನ ಉತ್ತರಗಳಲ್ಲಿ ಮೈಯಿಂದ ಎಣಿಕೆ ಬಂತು ಅಂತ ಹೇಳ್ತಾ ಬಂದ್ನಲ್ಲ, ಇಲ್ಲಿ ದಾರಿ ತಿರುಗಿದೆ, ಎಣಿಕೆಯಿಂದ ಮೈಗೆ ಹೆಸರು ಬಂದಿದೆ.

ಮೊಹರಂ ಪಂಜಾದಲ್ಲಿ ಇನ್ನೂ ಒಂದು ಪದ ಅಡಗಿದೆ, ನಿಮ್ಮೂರ ಹಿರಿಯರ ಬಾಯಲ್ಲಿ ಕೇಳಿರ್ತೀರಿ, ಪಂಜತನ್. ಪಂಜ್ ಅಂದ್ರೆ ಐದು, ತನ್ ಅಂದ್ರೆ ಮೈ, ಸಂಸ್ಕೃತದ ತನು. ಪ್ರವಾದಿ ಮುಹಮ್ಮದ್, ಮಗಳು ಫಾತಿಮಾ, ಅಳಿಯ ಅಲಿ, ಮೊಮ್ಮಕ್ಕಳು ಹಸನ್ ಹುಸೇನ್, ಈ ಐದು ಜನಕ್ಕೆ ಪಂಜತನ್ ಅನ್ನೋದು. ಫಾರ್ಸೀಲಿ ಮನುಷ್ಯರನ್ನ ಎಣಿಸೋ ಪದಗಳಲ್ಲಿ ತನ್ ಕೂಡ ಒಂದು, ಬರೆಯೋ ಭಾಷೇಲಿ ಈಗಲೂ "ಮೂರು ತನ್ ಗಾಯಗೊಂಡರು" ಅಂತ ಪೇಪರಿನವರು ಬರೀತಾರೆ. ಅಂದ್ರೆ ಐದು ಮೈ ಅನ್ನೋ ಎಣಿಕೆ, ಐದು ಬೆರಳಿನ ಕೈ ಆಗಿ, ಬೆಳ್ಳಿ ಹಿತ್ತಾಳೆ ಆಗಿ ನಿಮ್ಮೂರ ಮಸೂತೀಲಿ ಕೂತಿದೆ. 1490ರಿಂದ 1686ರವರೆಗೆ ಆದಿಲಶಾಹಿಗಳು ಆಳಿದ ಸೀಮೆ ನಿಮ್ಮದು, ಆ ಅರಮನೆಗೆ ಇರಾನಿನಿಂದ ಕವಿಗಳು ವಿದ್ವಾಂಸರು ಬಂದು ನೆಲೆಸಿದ್ರು. ಅರಮನೆ ಬಿದ್ರೂ ಕೈ ಮಾತ್ರ ಹಳ್ಳಿಹಳ್ಳೀಲಿ ಉಳೀತು, ಕನ್ನಡದಲ್ಲಿ ಹರಕೆ ಹೊತ್ಕೊಂಡು, ಕನ್ನಡದಲ್ಲಿ ರಿವಾಯತ್ ಅನ್ನೋ ಮೊಹರಂ ಹಾಡು ಹಾಡ್ಕೊಂಡು ಜನ ಅದನ್ನ ಉಳಿಸಿದ್ರು. ನಿಮ್ಮ ಮಕ್ಕಳಿಗೆ ಕ್ಲಾಸಲ್ಲಿ ಇದನ್ನ ಹೇಳಿ ಸರ್, ಹಬ್ಬದ ಹಿಂದಿನ ದಿನ ಹೇಳಿದ್ರೆ ಇನ್ನೂ ಚೆನ್ನ.

ದಸ್ತ್ ಕೂಡ ನಮ್ಮಲ್ಲಿ ಬೇಕಾದಷ್ಟಿದೆ, ದಸ್ತಗಿರಿ ಅಂದ್ರೆ ಕೈ ಹಿಡಿಯೋದು, ಅದಕ್ಕೇ ಪೊಲೀಸರು ದಸ್ತಗಿರಿ ಮಾಡೋದು. ದಸ್ತಕತ್ತು ಅಂದ್ರೆ ಕೈಬರಹ, ಅದಕ್ಕೇ ಸಹಿ. ಹಿಂದೆ 24 ಹಾಳೆ ಕಾಗದಕ್ಕೆ ಒಂದು ದಸ್ತು ಅಂತಿದ್ರು, ಅದು ಒಂದು ಕೈಯಲ್ಲಿ ಹಿಡಿಯುವಷ್ಟು ಕಟ್ಟು ಅನ್ನೋ ದಸ್ತೆ. ಇರಾನಿನಲ್ಲಿ ಹೂಗುಚ್ಛ, ಸೊಪ್ಪಿನ ಕಟ್ಟು ಇವತ್ತಿಗೂ ದಸ್ತೆ ಲೆಕ್ಕಾನೇ.

ಪ್ರಶ್ನೆ: ಫಾರ್ಸಿಯಲ್ಲಿ ಹೆಬ್ಬೆರಳಿಗೂ ಅರವತ್ತಕ್ಕೂ ಒಂದೇ ಪದ ಅಂತೆ, ಶಸ್ತ್. ಹೆಬ್ಬೆರಳಲ್ಲಿ ಅರವತ್ತು ಎಣಿಸ್ತಿದ್ರಾ? (ವಿದ್ಯಾರ್ಥಿ, ತುಮಕೂರು)

ಉತ್ತರ: ಇಲ್ಲ ತಮ್ಮ, ಅದು ಉಚ್ಚಾರಣೆ ಮಾತ್ರ ಒಂದು. ಅರವತ್ತು ಅನ್ನೋದು ಸಂಸ್ಕೃತದ ಷಷ್ಟಿ ಕಡೆಯ ಪದ, ಆರರಿಂದ ಬಂದಿದ್ದು, ಹೆಬ್ಬೆರಳಿಗೂ ಅದಕ್ಕೂ ನಂಟಿಲ್ಲ. ಬರೆಯೋವಾಗ ಗೊಂದಲ ಆಗ್ಬಾರದು ಅಂತ ಇರಾನಿನವರು ಅರವತ್ತಕ್ಕೆ ಬೇರೆ "ಸ" ಅಕ್ಷರ ಇಟ್ಕೊಂಡಿದಾರೆ. ಒಂದೇ ಥರ ಕೇಳಿಸಿದ ಕೂಡ್ಲೆ ಒಂದೇ ಮೂಲ ಅಂದ್ಕೊಳ್ಳೋದು ಬೇಡ. ಆದ್ರೆ ಪ್ರಶ್ನೆ ಕೇಳಿದ್ದು ಒಳ್ಳೇದಾಯ್ತು, ಹೀಗೇ ಅನುಮಾನ ಬಂದಾಗೆಲ್ಲ ಕೇಳು.

ಪ್ರಶ್ನೆ: ಕೈಕಾಲು ಬೆರಳೆಲ್ಲ ಸೇರಿ ಇಪ್ಪತ್ತು. ಇಪ್ಪತ್ತಿಪ್ಪತ್ತಾಗಿ ಎಣಿಸೋ ಇರಾನಿ ಭಾಷೆ ಇದ್ಯಾ? ನಮ್ಮ ಕಾಲು ಅನ್ನೋ ಪದ ಅಂಗಾನೂ ಹೌದು ಲೆಕ್ಕಾನೂ ಹೌದಲ್ಲ, ಅದ್ರ ಬಗ್ಗೇನೂ ಬರೆಯಿರಿ. (ನಿವೃತ್ತ ಗಣಿತ ಮೇಷ್ಟ್ರು, ಸಾಗರ)

ಉತ್ತರ: ಇದೆ ಮೇಷ್ಟ್ರೇ. ಇರಾನ್ ದೇಶದಲ್ಲಲ್ಲ, ಕಾಕಸಸ್ ಬೆಟ್ಟದಲ್ಲಿ ಆಡೋ ಒಸ್ಸೆಟಿ ಭಾಷೆ, ಅದೂ ಇರಾನಿ ಕುಟುಂಬದ್ದೇ. ಅಲ್ಲಿ ಎರಡು ಥರ ಎಣಿಕೆ ಇದೆ. ಒಂದು ಹತ್ತರ ಎಣಿಕೆ, ಸ್ಕೂಲಲ್ಲಿ ಕಲಿಯೋದು. ಇನ್ನೊಂದು ಮನೆಮಾತಿನ ಇಪ್ಪತ್ತರ ಎಣಿಕೆ, ಅದರಲ್ಲಿ ಮೂವತ್ತು ಅಂದ್ರೆ ಹತ್ತು ಮತ್ತು ಇಪ್ಪತ್ತು, ನಲವತ್ತು ಅಂದ್ರೆ ಎರಡು ಇಪ್ಪತ್ತು, ಅರವತ್ತು ಅಂದ್ರೆ ಮೂರು ಇಪ್ಪತ್ತು. ಸುತ್ತಮುತ್ತಲ ಕಾಕಸಸ್ಸಿನ ಬೇರೆ ಭಾಷೆಗಳಲ್ಲೂ, ಜಾರ್ಜಿಯನ್ನಿನಲ್ಲೂ ಇಪ್ಪತ್ತರ ಎಣಿಕೆ ಇದೆ, ಅಕ್ಕಪಕ್ಕದವರು ಒಬ್ಬರಿಂದೊಬ್ಬರು ಕಲಿಯೋದು ಸಹಜ ತಾನೆ.

ಕಾಲಿನ ವಿಷಯ ನೀವೇ ಎತ್ತಿದ್ದು ಒಳ್ಳೇದಾಯ್ತು. ಬೇಳೆ ಕಾಲು ಕೇಜಿ, ಹಾಲು ಕಾಲು ಲೀಟರ್, ಗಂಟೆ ಒಂದೂಕಾಲು, ಮುಕ್ಕಾಲು ಪಾಲು ಕೆಲಸ ಮುಗೀತು ಅಂತೆಲ್ಲ ದಿನಾ ಅಂತೀವಿ. ನಾಲ್ಕು ಕಾಲಿನ ಮೇಲೆ ನಿಂತಿರೋದ್ರಲ್ಲಿ ಒಂದು ಕಾಲು ಅಂದ್ರೆ ನಾಲ್ಕನೇ ಒಂದು ಭಾಗ. ಸಂಸ್ಕೃತದ ಪಾದದಲ್ಲೂ ಇದೇ ಎರಡು ಅರ್ಥ, ಶ್ಲೋಕದ ನಾಲ್ಕನೇ ಒಂದು ಭಾಗ ಪಾದ. ಆದ್ರೆ ಫಾರ್ಸೀಲಿ ಕಾಲಿಗೆ ಪಾ ಅಂತ ಪದ ಇದ್ರೂ, ನಾಲ್ಕು ಕಾಲಿನ ಪ್ರಾಣಿಗೆ ಚಹಾರ್‌ಪಾ ಅಂತ ಹೆಸರಿದ್ರೂ, ಕಾಲು ಭಾಗಕ್ಕೆ ಅದನ್ನ ಬಳಸಿಲ್ಲ. ಅವರ ಪದ ಚಾರಕ್, ನಾಲ್ಕು ಮತ್ತು ಒಂದು ಸೇರಿ ಆಗಿದ್ದು. ಎಲ್ಲದಕ್ಕೂ ಮೈ ಕರೆದ ಭಾಷೆ ಇಲ್ಲಿ ಬರೀ ಅಂಕಿ ಇಟ್ಕೊಂಡು ಹೋಗಿದೆ, ಬಿಡಿ ವಸ್ತು ಎಣಿಸೋಕೆ ಮೈ ಬೇಡ ಅಂದ ಕನ್ನಡ ಇಲ್ಲಿ ಕಾಲನ್ನೇ ಹಿಡ್ಕೊಂಡಿದೆ.

ಜಾಗ ಮುಗೀತಾ ಬಂತು. ಕಲಬುರಗಿ, ಬೀದರ್, ರಾಯಚೂರು ಕಡೆ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೇಲಿ ಅಜ್ಜ ಅಜ್ಜಿ ಸೊಪ್ಪು, ಸೌದೆ, ಮೇವು, ಹಗ್ಗ, ಬಟ್ಟೆ ಲೆಕ್ಕ ಹೇಳೋವಾಗ ಕೈ, ತಲೆ, ಬಗಲು, ದಸ್ತು ಥರದ ಪದ ಏನು ಬಳಸ್ತಾರೆ ಅಂತ ಕೇಳಿ ಬರೆದು ಕಳಿಸಿ, ಯಾವೂರು ಅಂತ ಮರೀದೆ ಬರೀರಿ. ಮೈಸೂರಿನ ಮೇಡಂ, ನೀವು ಆ ಹುಡುಗಿಗೆ ಒಂದು ಮೊಳ ಮಲ್ಲಿಗೆ ಕೊಟ್ಟು, ಅವರ ಮನೇಲಿ ದಸ್ತ್ ಲೆಕ್ಕದಲ್ಲಿ ಇನ್ನೇನೇನು ಎಣಿಸ್ತಾರೆ ಅಂತ ಕೇಳಿ ತಿಳಿಸಿ.